ಸ್ತಾನಿಸ್ಲಾವ್ಸ್ಕಿನ ಅರ್ಧಕ್ಕೇ ನಿಲ್ಲಿಸ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಲಿ ಸೀರಿಯಲ್‌ಗೆ ಹೋಗ್ಬೇಕು ಅಂತಿರೋ ಹುಡುಗ್ರು ಹುಡುಗೀರು ನಟನೆ ಕಲಿಯೋದರ ಬಗ್ಗೆ ಹಾಕಿದ್ದ ಲೇಖನ ಓದ್ದೆ. ಚೆನ್ನಾಗೇ ಇತ್ತು, ಆದ್ರೆ ಮಧ್ಯದಲ್ಲಿ ಒಂದು ಕಡೆ ಹಳೇ ದುಃಖ ನೆನಪು ಮಾಡ್ಕೊಂಡು ಅಳೋದೇ ರಷ್ಯಾದ ನಟ, ನಿರ್ದೇಶಕ ಸ್ತಾನಿಸ್ಲಾವ್ಸ್ಕಿ ಪದ್ಧತಿ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೀರಲ್ಲ, ಅದು ಓದಿ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟೆ. ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋಳು, ಸಂಜೆ ಹೊತ್ತು ಹವ್ಯಾಸಿ ತಂಡದಲ್ಲಿ ನಾಟಕ ಆಡೋದು ಆಡ್ಸೋದು 18 ವರ್ಷದಿಂದ ನಡ್ಕೊಂಡು ಬಂದಿದೆ, ವಿದ್ವಾಂಸಳೇನಲ್ಲ, ಆದ್ರೆ ಈ ಒಂದು ಸಾಲು ಮಾಡೋ ಎಡವಟ್ಟು ನಮ್ಮನೇಲೇ ನೋಡಿದೀನಿ.

ನಮ್ಮಕ್ಕನ ಮಗಳು ಒಂದು ವರ್ಕ್‌ಶಾಪ್‌ಗೆ ಹೋಗಿದ್ಲು, ಯಾರದ್ದು ಎಲ್ಲಿ ಅನ್ನೋದು ಬೇಡ. ಲೈಟ್ ಆರಿಸಿ, ಎಲ್ರಿಗೂ ಕಣ್ಣು ಮುಚ್ಚಿಸಿ, ನಿಮ್ಮ ಜೀವನದ ಅತೀ ಕೆಟ್ಟ ದಿನಕ್ಕೆ ವಾಪಸ್ ಹೋಗಿ ಅಂದ್ರಂತೆ. ಇವಳು ಅವರಜ್ಜಿ ಸತ್ತ ದಿನಕ್ಕೆ ಹೋಗಿದಾಳೆ. ಅವರಜ್ಜಿ ಅಂದ್ರೆ ನಮ್ಮಮ್ಮ. ಬಿಕ್ಕಿಬಿಕ್ಕಿ ಅತ್ತಿದಾಳೆ, ಎಲ್ರೂ ಚಪ್ಪಾಳೆ ತಟ್ಟಿದಾರೆ. ಆಮೇಲೆ ಅವರೇ ಮಾಡ್ಸಿದ ಒಂದು ಸಣ್ಣ ನಾಟಕದಲ್ಲಿ ತಾಯಿ ಮಗಳ ಸೀನಿಗೆ ಅದನ್ನೇ ತಂದ್ಕೋ ಅಂದ್ರು. ಮೊದಲ ಶೋಲಿ ಧಾರಾಳ ಕಣ್ಣೀರು ಬಂತು, ಎರಡನೇದ್ರಲ್ಲಿ ಎಷ್ಟೋ ಅಷ್ಟು, ಮೂರನೇದ್ರಲ್ಲಿ ಒಂದು ಹನೀನೂ ಇಲ್ಲ. ಗ್ರೀನ್‌ರೂಮಲ್ಲಿ ಕೂತ್ಕೊಂಡು ಕೈ ಚಿವುಟ್ಕೋತಾ ನನಗೆ ಫೋನ್ ಮಾಡಿ, ಚಿಕ್ಕಮ್ಮ, ಅಜ್ಜಿನ ನೆನೆಸ್ಕೊಂಡ್ರೂ ಅಳು ಬರ್ತಿಲ್ಲ, ನಾನು ಅಷ್ಟು ಕಲ್ಲಾಗಿಬಿಟ್ನಾ ಅಂತ ಕೇಳಿದ್ಲು. ಏನು ಹೇಳ್ಲಿ ನಾನು.

ಸ್ತಾನಿಸ್ಲಾವ್ಸ್ಕಿ ಹಾಗೆ ಹೇಳ್ಲೇ ಇಲ್ಲ ಅಂತ ನಾನೇನೂ ಅನ್ನಲ್ಲ. ಭಾವನೆಗೂ ನೆನಪಿದೆ ಅನ್ನೋ ವಿಚಾರನ ರಿಬೋ ಅನ್ನೋ ಫ್ರೆಂಚ್ ಮನಶ್ಶಾಸ್ತ್ರಜ್ಞನಿಂದ ತಗೊಂಡು ಅವರು ಪ್ರಯೋಗ ಮಾಡಿದ್ದು ನಿಜ. ಆದ್ರೆ ಅಲ್ಲೇ ನಿಂತ್ಕೊಂಡವರಲ್ಲ ಅವರು. ಅವರ ಮಾಸ್ಕೋ ಆರ್ಟ್ ಥಿಯೇಟರ್ 1923ರಲ್ಲಿ ಅಮೆರಿಕಕ್ಕೆ ಟೂರ್ ಹೋಯ್ತು, ಅವರ ಹತ್ರ ಕಲಿತಿದ್ದ ಒಂದಿಬ್ಬರು ಅಲ್ಲೇ ಉಳ್ಕೊಂಡು ಪಾಠ ಶುರು ಮಾಡಿದ್ರು, ಅವರಿಂದ ಕಲಿತ ಲೀ ಸ್ಟ್ರಾಸ್‌ಬರ್ಗ್ ಅನ್ನೋ ಅಮೆರಿಕದ ನಟನೆ ಮೇಷ್ಟ್ರು ಈ ನೆನಪಿನ ಭಾಗನ ಹಿಡ್ಕೊಂಡು ದೊಡ್ಡದು ಮಾಡಿದ್ರು. ಸ್ಟ್ರಾಸ್‌ಬರ್ಗ್ ಇದ್ದ ಗ್ರೂಪ್ ಥಿಯೇಟರ್ ತಂಡದ ನಟಿ ಸ್ಟೆಲ್ಲಾ ಆಡ್ಲರ್‌ಗೆ ಇದು ಹಿಂಸೆ ಅನ್ನಿಸಿ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್ಸ್ಕಿನೇ ಹುಡುಕ್ಕೊಂಡು ಹೋಗಿ ಕೆಲವು ವಾರ ಅವರ ಜೊತೆ ಕೆಲಸ ಮಾಡಿ ಬಂದ್ರು, ವಾಪಸ್ ಬಂದು ನಾವು ಹಿಡ್ಕೊಂಡಿರೋದು ತಪ್ಪು, ಒತ್ತು ಇರೋದು ಸನ್ನಿವೇಶದ ಮೇಲೆ, ಮಾಡೋ ಕೆಲಸದ ಮೇಲೆ ಅಂತ ಹೇಳಿದ್ರು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಇದರ ಮೇಲೆ ಇನ್ನೊಂದು, ಸ್ತಾನಿಸ್ಲಾವ್ಸ್ಕಿ ತರಬೇತಿ ಪುಸ್ತಕದ ಮೊದಲ ಭಾಗ ಇಂಗ್ಲಿಷ್‌ಗೆ ಬಂದಿದ್ದು 1936ರಲ್ಲಿ, ಮೈ ಮತ್ತು ದನಿ ಬಗ್ಗೆ ಇರೋ ಎರಡನೇ ಭಾಗ ಬಂದಿದ್ದು 1949ರಲ್ಲಿ. ನಡುವೆ 13 ವರ್ಷ ಇಂಗ್ಲಿಷ್ ಓದೋ ಲೋಕ ಅರ್ಧ ಪುಸ್ತಕನೇ ಪೂರ್ತಿ ಅಂದ್ಕೊಂಡಿತ್ತು, ನಮ್ಮಲ್ಲಿಗೆ ಬಂದಿದ್ದೂ ಇಂಗ್ಲಿಷ್ ದಾರೀಲೇ ಅಲ್ವಾ.

ಆ ಕಡೆ ಮಾಸ್ಕೋದಲ್ಲಿ ಮುದುಕರಾಗಿದ್ದ ಸ್ತಾನಿಸ್ಲಾವ್ಸ್ಕಿ ಬೇರೇನೋ ಮಾಡ್ತಿದ್ರು. 1928ರಲ್ಲಿ ಸ್ಟೇಜ್ ಮೇಲೆ ಪಾತ್ರ ಮಾಡ್ತಿರುವಾಗ್ಲೇ ಹಾರ್ಟ್ ಅಟ್ಯಾಕ್ ಆಗಿ ನಟನೆ ನಿಂತೇ ಹೋಯ್ತು, ಆಮೇಲೆ ತಾಲೀಮು ಪಾಠ ಎಲ್ಲಾ ಹೆಚ್ಚಾಗಿ ಮನೇಲೇ. (ಈ ಮನುಷ್ಯನ ಮನೆತನದ್ದು ಚಿನ್ನ ಬೆಳ್ಳಿ ನೂಲಿನ ಫ್ಯಾಕ್ಟರಿ, ಅಂದ್ರೆ ನಮ್ಮ ಮಾತಲ್ಲಿ ಜರಿ, ಸ್ತಾನಿಸ್ಲಾವ್ಸ್ಕಿ ಅನ್ನೋದು ಸ್ಟೇಜಿಗೆ ಇಟ್ಕೊಂಡ ಹೆಸರು, ಇದು ಗೊತ್ತಾದಾಗಿಂದ ನನಗೆ ಅವರು ಇನ್ನೂ ಹತ್ರ ಆಗಿದಾರೆ.) ಒಂದು ಕಾಲಕ್ಕೆ ತಿಂಗಳುಗಟ್ಟಲೆ ನಟರನ್ನ ಮೇಜಿನ ಸುತ್ತ ಕೂರಿಸಿ ನಾಟಕ ಬಿಡಿಸಿ ಬಿಡಿಸಿ ಮಾತಾಡಿಸ್ತಿದ್ದವರು ಇವರೇ. ಕೊನೇ ವರ್ಷಗಳಲ್ಲಿ ಅದನ್ನ ಅವರೇ ಬದಿಗೆ ಸರಿಸಿದ್ರು, ಕೂತು ಮಾತಾಡಿದ್ರೆ ತಲೆ ತುಂಬುತ್ತೆ, ಎದ್ದು ನಿಂತಾಗ ಕೈಕಾಲಿಗೆ ಏನೂ ಗೊತ್ತಿರಲ್ಲ ಅನ್ನೋದು ಅವರ ತಕರಾರು. 1938ರಲ್ಲಿ ತೀರ್ಕೊಂಡ್ರು. 1936ರಲ್ಲಿ ಅವರ ಸ್ಟುಡಿಯೋಗೆ ಪಾಠ ಹೇಳೋಕೆ ಬಂದಿದ್ದ ಮರಿಯಾ ಕ್ನೆಬೆಲ್ ಅನ್ನೋ ಹೆಂಗಸು ಎದ್ದು ಮಾಡಿ ನೋಡೋ ಈ ಹೊಸ ರೀತಿನ ಮುಂದುವರಿಸಿ ದಶಕಗಟ್ಟಲೆ ಡೈರೆಕ್ಟರ್‌ಗಳಿಗೆ ಕಲಿಸಿದ್ರು. ಆಕ್ಟಿವ್ ಅನಾಲಿಸಿಸ್ ಅಂತಾರೆ. ನಾನು ನಮ್ಮ ತಂಡದಲ್ಲಿ ‘ಎದ್ದು ನೋಡೋದು’ ಅಂತೀನಿ.

ಕೆಲಸ ಹೇಳೋಕೆ ಸುಲಭ. ಸೀನ್ ಓದ್ಬೇಕು, ಇಲ್ಲಿ ಯಾವ ಘಟನೆ ನಡೀತು, ಅದಕ್ಕೆ ಮುಂಚೆ ಏನಾಗಿತ್ತು, ಯಾರಿಗೆ ಯಾರಿಂದ ಏನು ಬೇಕು, ಅಡ್ಡ ಬರ್ತಿರೋದು ಏನು, ಇಷ್ಟು ಮಾತಾಡ್ಕೋಬೇಕು. ಸ್ಕ್ರಿಪ್ಟ್ ಮುಚ್ಚಿಟ್ಟು ಎದ್ದು ಸ್ವಂತ ಮಾತಲ್ಲಿ ಆ ಸೀನ್ ಮಾಡಿ ನೋಡ್ಬೇಕು. ವಾಪಸ್ ಬಂದು ಸ್ಕ್ರಿಪ್ಟ್ ತೆಗೆದು ನಾವೇನು ಬಿಟ್ವಿ, ನಾಟಕ ಬರೆದವರು ಏನಿಟ್ಟಿದಾರೆ ಅಂತ ನೋಡ್ಬೇಕು, ಮತ್ತೆ ಏಳ್ಬೇಕು. ಬಾಯಿಪಾಠ ಕೊನೇಲಿ. ‘ಏನು ಬೇಕು’ ಅನ್ನೋದಕ್ಕೆ ಇಂಗ್ಲಿಷಲ್ಲಿ ಆಬ್ಜೆಕ್ಟಿವ್ ಅಂತ ಮಾಡಿದಾರೆ, ಸ್ತಾನಿಸ್ಲಾವ್ಸ್ಕಿ ಬಳಸಿದ ರಷ್ಯನ್ ಪದ ‘ಝದಾಚ’, ಸ್ಕೂಲ್ ಮಕ್ಕಳು ಬಿಡಿಸೋ ಲೆಕ್ಕಕ್ಕೂ ಅಲ್ಲಿ ಅದೇ ಪದ. ಗಣಿತದ ಮೇಡಂ ನಾನು, ನನಗೆ ಇದಕ್ಕಿಂತ ಖುಷಿ ಬೇಕಾ. ನಟನ ಕೈಲಿರೋದು ಒಂದು ಲೆಕ್ಕ, ಎದುರಿಗಿರೋ ಮನುಷ್ಯನ ಹತ್ರ ಅದನ್ನ ಬಿಡಿಸ್ಬೇಕು.

ಹೋದ ವರ್ಷ ನಮ್ಮ ತಂಡದವರೇ ಬರೆದ ಒಂದು ನಾಟಕ ಮಾಡಿದ್ವಿ, ಅದರಲ್ಲಿ ಹತ್ತು ನಿಮಿಷದ ಅಣ್ಣ ತಮ್ಮನ ಸೀನ್. ಅಪ್ಪ ತೀರ್ಕೊಂಡಾಗಿಂದ ಎರಡು ವರ್ಷ ಮಾತಿಲ್ಲ, ಅಣ್ಣ ಬೆಂಗಳೂರಿಂದ ಬಂದಿದಾನೆ, ಅಪ್ಪನ ಮನೇಲಿರೋ ತಮ್ಮನಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಅವನ ಸಹಿ ಬೇಕು. ಆದ್ರೆ ಸೀನಲ್ಲಿ ಆಸ್ತಿ ಮಾತೇ ಇಲ್ಲ, ಮಳೆ, ಹಲಸಿನ ಮರ, ಬಸ್ಸು ಲೇಟು, ‘ಕಾಫಿ ಕುಡೀತೀಯಾ’, ಇಷ್ಟೇ. ಮೂರು ವಾರ ಚಾಪೆ ಮೇಲೆ ಕೂತು ಓದಿದ್ವಿ, ನಾನೂ ಎಲ್ಲಾ ಡೈರೆಕ್ಟರ್‌ಗಳ ಥರ ಇನ್ನೂ ಫೀಲ್ ಬೇಕು, ಇನ್ನೂ ಒಳಗಿಂದ ಬರ್ಲಿ ಅಂತ ಹೇಳಿದ್ದೇ ಹೇಳಿದ್ದು, ತಮ್ಮನ ಪಾತ್ರದವನು ಪಾಪ ‘ಕಾಫಿ ಕುಡೀತೀಯಾ’ ಅನ್ನೋದನ್ನ ಯಾರೋ ಹೋಗ್ಬಿಟ್ರು ಅನ್ನೋ ಸುದ್ದಿ ಥರ ಹೇಳೋಕೆ ಶುರು ಮಾಡ್ದ.

ಕೊನೆಗೆ ಸ್ಕ್ರಿಪ್ಟ್ ಮುಚ್ಚಿಸ್ದೆ. ಮೊದಲ ಸಲ ಇಬ್ರೂ ಎದ್ದು ಸ್ವಂತ ಮಾತಲ್ಲಿ ಮಾಡಿದಾಗ ಎರಡೇ ನಿಮಿಷಕ್ಕೆ ಸಹಿ ಹಾಕಿ ಕೈ ಕುಲುಕಿ ಮುಗಿಸಿಬಿಟ್ರು, ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆ ನಗೂಲೇ ಗೊತ್ತಾಯ್ತು, ಎರಡು ವರ್ಷ ಮಾತಿಲ್ಲ ಅನ್ನೋದು ಇವರ ತಲೇಲಿದೆ, ಮೈಗೆ ಗೊತ್ತಿಲ್ಲ. ಎರಡನೇ ಸಲ ಅಣ್ಣ ಹೊಸ್ತಿಲು ದಾಟಿ ಬಂದವನು ಹೆಗಲ ಮೇಲಿನ ಬ್ಯಾಗ್ ಇಳಿಸ್ಲೇ ಇಲ್ಲ, ಬಾಗಿಲ ಹತ್ರಾನೇ ನಿಂತ. ತಮ್ಮ ಸ್ಟೂಲ್ ಮೇಲಿದ್ದ ಫೈಲ್ ನೋಡಿ ಗಾಬರಿಯಾಗಿ ಅದರ ಮೇಲೆ ಪೇಪರ್ ಹಾಕ್ದ, ಯಾರೂ ಹೇಳ್ಕೊಟ್ಟಿರ್ಲಿಲ್ಲ. ಅವನನ್ನ ಕೂರಿಸೋಕೆ ಏನೇನೋ ಮಾತಾಡ್ತಾ ಹೋದ. ಆಮೇಲೆ ಸ್ಕ್ರಿಪ್ಟ್ ತೆಗೆದು ನೋಡ್ತೀವಿ, ತಮ್ಮನ ಮಾತಲ್ಲಿ ‘ಕೂತ್ಕೋ’ ಅನ್ನೋದು ಮೂರು ಕಡೆ ಇದೆ. ಮೂರಕ್ಕೂ ಅಣ್ಣ ಉತ್ತರ ಕೊಡೋದೇ ಇಲ್ಲ, ಬೇರೆ ಏನೋ ಮಾತಾಡ್ತಾನೆ. ಮೂರು ವಾರ ಓದಿದೀವಿ ಕಣ್ರೀ, ಒಬ್ಬರಿಗೂ ಕಂಡಿರ್ಲಿಲ್ಲ, ಅಲ್ಲೇ ಕೂತಿದ್ದ ಬರೆದವರಿಗೂ ಕಂಡಿರ್ಲಿಲ್ಲ. ಕಾಫಿ ಯಾಕೆ ಅಂತ ಆಗ ಹೊಳೀತು. ಕಾಫಿ ಕುಡೀಬೇಕಂದ್ರೆ ಕೂರ್ಬೇಕು, ಕೂತ್ರೆ ಅವನು ಬೇಗ ಎದ್ದು ಹೋಗಲ್ಲ. ಮುಂದಿನ ಸಲ ಆ ಹುಡುಗ ‘ಕಾಫಿ ಕುಡೀತೀಯಾ’ ಅನ್ನೋದನ್ನ ಅರ್ಧ ಅಡುಗೆಮನೆ ಕಡೆ ತಿರುಗ್ಕೊಂಡೇ, ಅವನು ಬೇಡ ಅನ್ನೋಕೆ ಟೈಮೇ ಕೊಡದ ಹಾಗೆ ಫಟ್ ಅಂತ ಅಂದ್ಬಿಟ್ಟ. ದುಃಖ ಗಿಃಖ ಏನೂ ಇಲ್ಲ ಆ ದನೀಲಿ. ಹಾಲ್‌ಗೆ ಬೀಗ ಹಾಕೋಕೆ ಕಾಯ್ತಾ ಹಿಂದೆ ನಿಂತಿದ್ದ ವಾಚ್‌ಮನ್ ‘ಕೂತ್ಕೊಳ್ಳೋ ಮಾರಾಯ’ ಅಂದ್ರು, ಜೋರಾಗೇ.

ಕರಾವಳಿ ಕಡೆಯವರು ಇದರಲ್ಲೇನು ಹೊಸದು ಅಂತ ಕೇಳ್ತಾರೆ, ಕೇಳ್ಬೇಕಾದ್ದೇ. ತಾಳಮದ್ದಲೇಲಿ ಅರ್ಥಧಾರಿ ಕೈಲಿ ಬರೆದಿಟ್ಟ ಡೈಲಾಗ್ ಎಲ್ಲಿರುತ್ತೆ? ಭಾಗವತರು ಪದ ಹೇಳ್ತಾರೆ, ಇವರು ಪ್ರಸಂಗದ ಒಳಗಿಂದ ಸ್ವಂತ ಮಾತು ಕಟ್ತಾರೆ. ವಾಲಿವಧೇಲಿ ಬಾಣ ತಿಂದು ಬಿದ್ದ ವಾಲಿಗೆ ಅಳು ಮುಖ್ಯ ಅಲ್ಲ, ಮರೆಯಿಂದ ಹೊಡೆದಿದ್ದು ತಪ್ಪು ಅಂತ ರಾಮನ ಬಾಯಲ್ಲೇ ಹೊರಡಿಸ್ಬೇಕು, ಅದೇ ಅವನ ಲೆಕ್ಕ, ಅದಕ್ಕೇ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದವರು ಇವತ್ತಿಗೂ ವಾದದ ಬಗ್ಗೆ ಮಾತಾಡ್ತಾರೆ, ಕಣ್ಣೀರಿನ ಬಗ್ಗೆ ಅಲ್ಲ. ಆದ್ರೂ ಎರಡೂ ಒಂದೇ ಅಂತ ಒಪ್ಪೋಕೆ ನನಗಾಗಲ್ಲ. ತಾಳಮದ್ದಲೆ ಕೂತು ಆಡೋದು, ಅಲ್ಲಿ ಆ ಕಟ್ಟಿದ ಮಾತೇ ಕಲೆ. ಇಲ್ಲಿ ಸ್ವಂತ ಮಾತು ಬರೀ ಕಾಲುಸಂಕ, ಹಳ್ಳ ದಾಟಿ ನಾಟಕಕಾರನ ಮಾತಿಗೆ ಬರ್ಲೇಬೇಕು. ಹಾಗೆ ಬರದೆ ಸಂಕದ ಮೇಲೇ ಕೂತ್ಕೊಳ್ಳೋ ಸೋಮಾರಿಗಳು ನಮ್ಮ ತಂಡದಲ್ಲೂ ಇದಾರೆ, ಒಬ್ರು ಶೋ ದಿನದವರೆಗೂ ಸ್ವಂತ ಡೈಲಾಗೇ ಹೊಡೀತಿದ್ರು, ಎದುರಿನವರಿಗೆ ಕ್ಯೂ ಸಿಗದೆ ಒದ್ದಾಟ. ಆಮೇಲೆ ಹಳಗನ್ನಡದ್ದೋ ಪದ್ಯದ್ದೋ ನಾಟಕ ಆದ್ರೆ ಸ್ವಂತ ಮಾತು ಎಷ್ಟು ದಿನ ಆಡ್ಸೋದು ಅನ್ನೋದರಲ್ಲಿ ನನಗಿನ್ನೂ ಗೊಂದಲ ಇದೆ, ಲಯ ಕೆಟ್ಟುಹೋಗುತ್ತೆ.

ಸೀರಿಯಲ್ ಸೆಟ್ಟಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿದೆ ಮೇಡಂ, ಬೆಳಗ್ಗೆ ಸೀನ್ ಪೇಪರ್ ಬರುತ್ತೆ, ಪಕ್ಕದಿಂದ ಪ್ರಾಂಪ್ಟ್ ಮಾಡ್ತಾರೆ, ಹೇಳೋದಷ್ಟೇ ಅಂತ ಅಲ್ಲಿ ಹೋಗಿಬಂದ ನಮ್ಮ ಹುಡುಗ್ರೇ ಹೇಳ್ತಾರೆ. ಸರಿ. ಆದ್ರೂ ಮೇಕಪ್ ಹಾಕಿಸ್ಕೊಳ್ಳೋ ಹೊತ್ತಲ್ಲಿ ಅತ್ತೆಗೆ ಈ ಸೊಸೆಯಿಂದ ಈಗ ಏನು ಬೇಕು ಅಂತ ಕೇಳ್ಕೊಳ್ಳೋಕೆ ಐದು ನಿಮಿಷ ಸಾಕು. ನಿಮ್ಮ ಲೇಖನದಲ್ಲಿ ಅದಕ್ಕೊಂದು ಪ್ಯಾರಾ ಜಾಗ ಸಿಕ್ಕಿದ್ರೆ ಚೆನ್ನಾಗಿರೋದು, ಇನ್ನೊಮ್ಮೆ ಬರೆಯೋದಿದ್ರೆ ಸೇರಿಸಿ ಅನ್ನೋದಷ್ಟೇ ನನ್ನ ಕೋರಿಕೆ.

ಅಕ್ಕನ ಮಗಳು ಈಗ ನಮ್ಮ ತಂಡಕ್ಕೇ ಬಂದಿದಾಳೆ, ಮತ್ತೆ ತಾಯಿ ಮಗಳ ಸೀನೇ ಬಿದ್ದಿದೆ ಅವಳ ಪಾಲಿಗೆ. ಹಾಗಾದ್ರೆ ಅಳೋದೇ ಬೇಡ್ವಾ ಚಿಕ್ಕಮ್ಮ ಅಂದ್ಲು. ಅಮ್ಮನಿಗೆ ಗೊತ್ತಾಗದ ಹಾಗೆ ಆ ಸೂಟ್‌ಕೇಸ್ ಪ್ಯಾಕ್ ಮಾಡಿ ಮುಗಿಸು, ಅಳು ಬಂದ್ರೆ ನುಂಗ್ಕೋ, ನಿನ್ನ ಲೆಕ್ಕ ಇಷ್ಟೇ ಅಂದಿದೀನಿ. ಸದ್ಯಕ್ಕೆ ಅವಳ ಗಮನ ಎಲ್ಲಾ ಸೂಟ್‌ಕೇಸಿನ ಜಿಪ್ ಮೇಲಿದೆ, ಅದು ಹಾಳು ಪದೇಪದೇ ಸಿಕ್ಕಾಕ್ಕೊಳ್ಳುತ್ತೆ, ಬದಲಾಯಿಸೋಣ ಅಂದ್ರೆ ಬೇಡ ಚಿಕ್ಕಮ್ಮ ಅದೇ ಇರ್ಲಿ ಅಂತಾಳೆ.

ಇಂತಿ,
ಹವ್ಯಾಸಿ ರಂಗತಂಡದ ಒಬ್ಬ ಗಣಿತ ಶಿಕ್ಷಕಿ
ಶಿವಮೊಗ್ಗ