ತಡವಾಗಿ ಹೊರಟ, ಬದಲಾದ ಹೌಸ್‌ಬೋಟ್: ಹಣ ವಾಪಸಾತಿಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಬೆಂಗಳೂರು ಬುಕಿಂಗ್ ಕಚೇರಿ

ವಿಷಯ: ಆಲಪ್ಪುಳದಲ್ಲಿ ಜನವರಿಯ ಕೊನೆಯ ಶನಿವಾರಕ್ಕೆ ಕಾಯ್ದಿರಿಸಿದ್ದ ಮೂರು ಕೋಣೆಗಳ ಪ್ರೀಮಿಯಂ ಹೌಸ್‌ಬೋಟ್

ಮಾನ್ಯರೇ,

ವೋಚರ್ ಪ್ರಕಾರ ಪುನ್ನಮಡದ ಫಿನಿಶಿಂಗ್ ಪಾಯಿಂಟ್ ಜೆಟ್ಟಿಯಿಂದ ಮಧ್ಯಾಹ್ನ 12ಕ್ಕೆ ಹೊರಡಬೇಕಿದ್ದ ದೋಣಿ ಹೊರಟದ್ದು 2.10ಕ್ಕೆ. ಕೇಳಿದಾಗ ನಿಮ್ಮ ಪ್ರತಿನಿಧಿ ಫೋನಿನಲ್ಲಿ "ಎರಡು ಗಂಟೆ ತಾನೇ ಸಾರ್, ಬೆಳಿಗ್ಗೆ ಅಡ್ಜಸ್ಟ್ ಮಾಡಿಸ್ತೀವಿ" ಎಂದರು. ಅಡ್ಜಸ್ಟ್ ಆಗುವ ಬಾಬತ್ತು ಇದಲ್ಲ ಎಂಬುದು ಅವರಿಗೂ ಗೊತ್ತಿರಬೇಕು. ಸಂಜೆ ಐದೂವರೆಯ ಹೊತ್ತಿಗೆ ಹೌಸ್‌ಬೋಟ್ ಲಂಗರು ಹಾಕಲೇಬೇಕು. ಆಮೇಲೆ ವೇಂಬನಾಡು ಸರೋವರ ಮೀನುಗಾರರದ್ದು. ಕತ್ತಲಲ್ಲಿ ಬಿಟ್ಟ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಅವರ ದುಡಿಮೆಯೂ ಹೋಯಿತು, ದೋಣಿಯೂ ನಿಂತಿತು. ಹೀಗಾಗಿ 12ರಿಂದ ಮರುದಿನ 9ರವರೆಗೆ ಎಂದು 21 ಗಂಟೆಯ ಲೆಕ್ಕ ಹೇಳಿದರೂ, ಮೊದಲ ದಿನ ದೋಣಿ ಚಲಿಸುವುದು ಊಟಕ್ಕೆ ಕಟ್ಟಿಹಾಕುವ ಒಂದು ಗಂಟೆ ಕಳೆದು ನಾಲ್ಕೂವರೆ ಗಂಟೆ ಮಾತ್ರ. ನಮಗೆ ಸಿಕ್ಕಿದ್ದು 2 ಗಂಟೆ 20 ನಿಮಿಷ. ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ದೋಣಿ ನೇರ ಜೆಟ್ಟಿಗೇ ಬಂತು, ಮುಂದಿನ ತಂಡ ಕಾಯುತ್ತಿದೆ ಎಂದು.

ತಡಕ್ಕೆ ನೀವು ಕೊಟ್ಟ ಕಾರಣ ಪ್ರೊಪೆಲ್ಲರಿಗೆ ಅಂತರಗಂಗೆ ಸಿಕ್ಕಿಕೊಂಡದ್ದು. ಉಪ್ಪುನೀರು ಒಳಬರದಂತೆ ತಣ್ಣೀರ್‌ಮುಕ್ಕಂ ಒಡ್ಡಿನ ಷಟರ್ ಇಳಿಸಿರುವ ತಿಂಗಳುಗಳಲ್ಲಿ ಕುಟ್ಟನಾಡಿನ ತೋಡುಗಳಲ್ಲಿ, ಅಂದರೆ ಕಾಲುವೆಗಳಲ್ಲಿ, ಈ ಕಳೆ ಇರುವುದು ಹೊಸ ಸುದ್ದಿಯಲ್ಲ. ಉಪ್ಪು ತಾಗಿದರೆ ಸಾಯುತ್ತದೆ, ಸಿಹಿನೀರು ನಿಂತರೆ ಹಬ್ಬುತ್ತದೆ. ಕೊಯ್ದು ಬಿಡಿಸಲು ಕತ್ತಿ ಹಿಡಿದ ಒಬ್ಬ ಆಳಿದ್ದರೆ ಅಷ್ಟು ಹೊತ್ತು ಬೇಕಿಲ್ಲ. ಜೆಟ್ಟಿಯಲ್ಲಿ ಕಂಡದ್ದೇ ಬೇರೆ: ಹಿಂದಿನ ತಂಡ ಇಳಿದದ್ದು 11ರ ನಂತರ. ಒಂಬತ್ತಕ್ಕೂ ಹನ್ನೆರಡಕ್ಕೂ ನಡುವಿನ ಮೂರು ಗಂಟೆಯಲ್ಲಿ ಕೋಣೆ ಗುಡಿಸಬೇಕು, ನೀರಿನ ಟ್ಯಾಂಕ್ ತುಂಬಬೇಕು, ಶೌಚದ ಟ್ಯಾಂಕ್ ಖಾಲಿ ಮಾಡಿಸಬೇಕು, ದಿನಸಿ, ಡೀಸೆಲ್ ಏರಿಸಬೇಕು. ಒಬ್ಬರಿಗೆ ಹೆಚ್ಚುವರಿ ಹೊತ್ತು ಮಾರಿದರೆ ಅದು ಮುಂದಿನವರ ಪಾಲಿನಿಂದಲೇ ಹೋಗುತ್ತದೆ.

ಇನ್ನು ದೋಣಿ. ವೋಚರಿನಲ್ಲಿದ್ದ ಕೆಐವಿ (ಕೇರಳ ಒಳನಾಡು ನೌಕೆ) ನೋಂದಣಿ ಸಂಖ್ಯೆಯೇ ಬೇರೆ, ಬಂದ ದೋಣಿಯ ಮೇಲಿದ್ದದ್ದೇ ಬೇರೆ. ಹಾಗೇ ಬಿಟ್ಟುಬಿಡುವ ಸಂಗತಿಯಲ್ಲ ಇದು, ಏಕೆಂದರೆ 2021ರ ಒಳನಾಡು ನೌಕೆಗಳ ಕಾಯ್ದೆಯಡಿ ನೋಂದಣಿ, ಸರ್ವೆ (ತಪಾಸಣೆ) ಪತ್ರ, ವಿಮೆ ಎಲ್ಲವೂ ಆಯಾ ದೋಣಿಗೇ ಅಂಟಿಕೊಂಡಿರುತ್ತವೆ. ಬದಲಿ ದೋಣಿಯ ಸರ್ವೆ ಪತ್ರ ತೋರಿಸಿ ಎಂದಾಗ "ಆಫೀಸಿನಲ್ಲಿದೆ" ಎಂಬ ಉತ್ತರ. ಆರು ದೊಡ್ಡವರು, ಇಬ್ಬರು ಮಕ್ಕಳಿಗೆ ಇದ್ದ ಲೈಫ್ ಜಾಕೆಟ್ ಆರು. ಮಕ್ಕಳ ಅಳತೆಯದ್ದು ಒಂದೂ ಇಲ್ಲ. ಅವೂ ಮುಂಭಾಗದ ಬೆಂಚಿನೊಳಗೆ, ಮೇಲೆ ಹಾಸಿಗೆ ಹೇರಿ. ಗ್ಯಾಸ್ ಸಿಲಿಂಡರ್ ಇರುವ ಅಡುಗೆಮನೆಯ ಅಗ್ನಿಶಾಮಕದ ಒತ್ತಡ ತೋರಿಸುವ ಮುಳ್ಳು ಕೆಂಪು ಪಟ್ಟಿಯಲ್ಲಿತ್ತು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ ದೋಣಿ ಮಗುಚಿ 22 ಮಂದಿ ಸತ್ತ ಮೇಲೂ ಈ ಸ್ಥಿತಿ ಎಂದರೆ ಏನು ಹೇಳುವುದು?

ದರದ ವ್ಯತ್ಯಾಸಕ್ಕೆ ಕಾರಣವಾದದ್ದು ಏಸಿ. ನಿಮ್ಮ ದರಪಟ್ಟಿಯ ಡೀಲಕ್ಸ್‌ನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ, ಪ್ರೀಮಿಯಂನಲ್ಲಿ ಇಡೀ ಹೊತ್ತು. ಅದಕ್ಕಾಗಿ ಹೆಚ್ಚು ಕೊಟ್ಟದ್ದು 4,500 ರೂಪಾಯಿ. ಬದಲಿ ದೋಣಿಯಲ್ಲಿದ್ದ ಜನರೇಟರ್ 5 ಕೆವಿಎ, ಅಂದರೆ ಸುಮಾರು 4 ಕಿಲೋವ್ಯಾಟ್. ಒಂದು ಟನ್ನಿನ ಮೂರು ಏಸಿಗೇ ಮೂರೂವರೆ ಕಿಲೋವ್ಯಾಟ್ ಹತ್ತಿರ ಬೇಕು, ಜತೆಗೆ ಫ್ರಿಜ್, ಫ್ಯಾನು, ದೀಪ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಅದರ ಹಲವು ಪಟ್ಟು. ಹಗಲು ಏಸಿ ಹಾಕಲೇ ಇಲ್ಲ. ರಾತ್ರಿ ಎರಡು ಬಾರಿ ಟ್ರಿಪ್ ಆಗಿ, 11ರ ನಂತರ ಒಂದು ಕೋಣೆಯದ್ದನ್ನು ಆರಿಸಿಯೇಬಿಟ್ಟರು. ಕಿಟಕಿ ತೆರೆಯೋಣವೆಂದರೆ ಸೊಳ್ಳೆ, ಪಕ್ಕದ ದೋಣಿಯ ಡೀಸೆಲ್ ಹೊಗೆ.

ಪಕ್ಕದ ದೋಣಿ ಎಂದೆನಲ್ಲ, ಅದೂ ದೂರೇ. ಕೈನಕರಿಯ ಗದ್ದೆಬದಿಯಲ್ಲಿ ರಾತ್ರಿ ತಂಗುವುದು ಎಂದು ಲಿಖಿತವಾಗಿ ಒಪ್ಪಿದ್ದಿರಿ. ಕಟ್ಟಿದ್ದು ಜೆಟ್ಟಿಯ ಸಮೀಪ, ಸಾಲು ದೋಣಿಗಳಿಗೆ ಮೈ ತಾಗಿಸಿ. ಅಲ್ಲದೆ, ಜಾಹೀರಾತಿನ ಚಿತ್ರದಲ್ಲಿರುವ ಕಿರಿದಾದ ತೋಡುಗಳಿಗೆ ಮೂರು ಕೋಣೆಯ ದೋಣಿ ನುಗ್ಗುವುದೇ ಇಲ್ಲ, ಕಾಲುಸೇತುವೆಗಳ ಕೆಳಗೆ ಅದರ ಚಾವಣಿ ಹಾಯುವುದೂ ಇಲ್ಲ. ಅಲ್ಲಿಗೆ ಶಿಕಾರ ಎಂಬ ಸಣ್ಣ ದೋಣಿಯೋ ನಾಡದೋಣಿಯೋ ಬೇಕು, ಅದಕ್ಕೆ ಪ್ರತ್ಯೇಕ ಹಣ ಎಂದು ಚಿತ್ರದ ಕೆಳಗೇ ಬರೆಯಿರಿ.

ತಲೆಗೊಂದು ಕರಿಮೀನು ಎಂದು ಬರೆದು ಇಬ್ಬರಿಗೊಂದು ಬಡಿಸಿದ್ದನ್ನು ದೂರಿಗೆ ಸೇರಿಸುತ್ತಿಲ್ಲ. ಅಡುಗೆಯವರ ಕೈರುಚಿ ಚೆನ್ನಾಗಿತ್ತು. ದೋಣಿ ನಡೆಸಿದ ಸ್ರಾಂಕ್ ಕೂಡ ಇದ್ದಷ್ಟು ಹೊತ್ತಿನಲ್ಲಿ ನೀರಿನಿಂದ ಎತ್ತಿದ ಗದ್ದೆಗಳಿರುವ ಆರ್ ಬ್ಲಾಕ್ ಕಡೆಗೆ ಒಂದು ಸುತ್ತು ಹೊಡೆಸಿದರು. ತಪ್ಪು ಕಚೇರಿಯದ್ದು; ಅವರ ಸಂಬಳಕ್ಕೆ ಕತ್ತರಿ ಹಾಕಬೇಡಿ.

ಒಟ್ಟು ಪಾವತಿ 21,000 ರೂಪಾಯಿ. ಪ್ರೀಮಿಯಂ ವ್ಯತ್ಯಾಸ 4,500, ತಪ್ಪಿದ ಸಂಚಾರಕ್ಕೆ 5,000, ಒಟ್ಟು 9,500 ರೂಪಾಯಿಯನ್ನು ಪಾವತಿ ಬಂದ ಖಾತೆಗೇ ಹಿಂದಿರುಗಿಸಬೇಕು. ಮುಂದಿನ ಬುಕಿಂಗ್‌ಗೆ ಕೂಪನ್ ಬೇಡ. ಬದಲಿ ದೋಣಿಯ ಸರ್ವೆ ಪತ್ರ ಮತ್ತು ವಿಮೆಯ ಪ್ರತಿಯನ್ನೂ ಕಳಿಸಿ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ನಂತರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದಾದ್ದರಿಂದ ಆಲಪ್ಪುಳಕ್ಕೆ ಓಡಾಡುವ ಅಗತ್ಯ ನಮಗಿಲ್ಲ.

ಇಂತಿ,
ವೋಚರಿನಲ್ಲಿ ಹೆಸರಿರುವ ಎಂಟು ಮಂದಿಯ ಪರವಾಗಿ

ಲಗತ್ತು: ವೋಚರ್, ಪಾವತಿ ರಸೀದಿ, ವಾಟ್ಸಾಪ್‌ನಲ್ಲಿ ಬಂದ ದರಪಟ್ಟಿ, ಎರಡೂ ನೋಂದಣಿ ಸಂಖ್ಯೆ, ಅಗ್ನಿಶಾಮಕದ ಮುಳ್ಳು ಮತ್ತು ಜನರೇಟರ್ ಫಲಕದ ಚಿತ್ರಗಳು.