ಚಂದ್ರವಳ್ಳಿಯ ಕೆರೆ, ಅಂಕಲಿ ಮಠ ಎರಡನ್ನೂ ಒಟ್ಟಿಗೆ ಉಳಿಸಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಜಿಲ್ಲೆಯ ಪ್ರವಾಸೋದ್ಯಮ ಸಮಿತಿಗೆ ತಾವೇ ಅಧ್ಯಕ್ಷರು. ಹಾಗಾಗಿ ನಮ್ಮೂರ ಪಕ್ಕದ ಹಳೆಯ ತಾಣವಾದ ಚಂದ್ರವಳ್ಳಿಯ ವಿಷಯವನ್ನು ತಮ್ಮ ಮುಂದೆಯೇ ಇಡುತ್ತಿದ್ದೇನೆ.

ದುರ್ಗಕ್ಕೆ ಬಂದವರು ಮೊದಲು ಕೋಟೆ ಹತ್ತುತ್ತಾರೆ. ಹೊತ್ತು ಉಳಿದರೆ ಚಂದ್ರವಳ್ಳಿಗೆ ಬರುತ್ತಾರೆ. ಮೊಬೈಲ್ ಬೆಳಕಲ್ಲಿ ಅಂಕಲಿ ಮಠದ ಗುಹೆಗೆ ಇಳಿದು, ಮೇಲೆ ಬಂದು, ಕೆರೆ ಮುಂದೆ ಒಂದು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಆದರೆ ಈ ಜಾಗದ ಕತೆ ಕೆರೆಯನ್ನು ಬಿಟ್ಟು ಅರ್ಥವಾಗುವುದಿಲ್ಲ.

ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಮೂರು ಸಾಲಿನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, 4ನೇ ಶತಮಾನದ್ದು. ಅದನ್ನು ಓದಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ. ಅವರು ಓದಿದಂತೆ, ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಎಂಬ ಮಾತು ಮೊದಲು ಬರುತ್ತದೆ. ಅವನು ಸೋಲಿಸಿದ ತ್ರೈಕೂಟಕ, ಆಭೀರ, ಪಲ್ಲವ, ಪುನ್ನಾಟ ಮುಂತಾದ ಅರಸು ಮನೆತನಗಳ ಹೆಸರು ಆಮೇಲೆ. ಕಂಚಿಯ ಪಲ್ಲವರನ್ನೇ ಎದುರು ಹಾಕಿಕೊಂಡು ರಾಜ್ಯ ಕಟ್ಟಿದ ದೊರೆ ಇಲ್ಲಿ ಕೆರೆಯನ್ನು ಮುಂದಿಟ್ಟು, ಯುದ್ಧವನ್ನು ಹಿಂದಿಟ್ಟಿದ್ದಾನೆ. ಮಳೆ ಕಮ್ಮಿ ಇರುವ ನಮ್ಮ ಸೀಮೆಯಲ್ಲಿ ಇದನ್ನು ಪ್ರತಿ ಮಗುವೂ ಓದಬೇಕು.

ಕೆರೆ ಕಟ್ಟುವ ಮೊದಲೇ ಇಲ್ಲಿ ಊರಿತ್ತು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಮ್ಮ ಜಿಲ್ಲೆಯದೇ ಆದ ಬ್ರಹ್ಮಗಿರಿಯ ಜೊತೆಗೆ ಇಲ್ಲೂ ಅಗೆಸಿದರು. ಶಾತವಾಹನರ ನಾಣ್ಯಗಳು, ರೋಮ್ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಈ ಮಣ್ಣಲ್ಲಿ ಸಿಕ್ಕಿವೆ.

ಮಠ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಸ್ವಾಮಿಗಳು ಇಲ್ಲಿ ತಪಸ್ಸು ಮಾಡಿದರು, ಅದಕ್ಕೇ ಈ ಹೆಸರು ಅನ್ನುತ್ತಾರೆ ಹಿರಿಯರು. ಮೆಟ್ಟಿಲಿಳಿದು ಹೋದರೆ ಬೇರೆಬೇರೆ ಮಟ್ಟದಲ್ಲಿ ಕೋಣೆಗಳು. ಒಂದು ಕಡೆ ಶಿವಲಿಂಗ, ಇನ್ನೊಂದು ಕಡೆ ಸ್ನಾನದ ಜಾಗ, ಕೂರುವ ಕಟ್ಟೆ. ಗೋಡೆಯ ಗಾರೆಯ ಮೇಲೆ ಹಳೆಯ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಸನ್ಯಾಸಿಗಳಿಗೂ ನೀರು ಬೇಕಲ್ವಾ? ಮೂರು ಗುಡ್ಡಗಳ ನಡುವೆ, ಕೆರೆ ಪಕ್ಕದಲ್ಲೇ ಅವರು ನೆಲೆ ನಿಂತದ್ದು ಸುಮ್ನೆ ಅಲ್ಲ ಎಂದೇ ನನ್ನ ನಂಬಿಕೆ. ಹತ್ತಿರದ ಪಂಚಲಿಂಗ ಗುಹೆಯ ಬಾಗಿಲಲ್ಲಿ ಹೊಯ್ಸಳರ ಕಾಲದ 1286ರ ಶಾಸನ ಬೇರೆ ಇದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಕೆರೆಗೊಂದು ಯೋಜನೆ, ಗುಹೆಗೊಂದು ಯೋಜನೆ ಎಂದು ಬೇರೆ ಮಾಡಬೇಡಿ. ಗುಡ್ಡದ ನೀರು ಕೆರೆಗೆ ಇಳಿಯುವ ದಾರಿಯಿಂದ ಹಿಡಿದು ಮಠದ ಕೊನೆಯ ಕೋಣೆವರೆಗೆ ಒಂದೇ ಯೋಜನೆ ಇರಲಿ. ಮಯೂರಶರ್ಮನ ಮೂರು ಸಾಲು ಇಂದಿನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಏರಿಯ ಮೇಲೆ ನಿಲ್ಲಲಿ. ನಮ್ಮೂರ ಹುಡುಗ ಹುಡುಗಿಯರಿಗೇ ಗೈಡ್ ತರಬೇತಿ ಕೊಡಿಸಿ. ಗುಹೆಯೊಳಗೆ ಜನ ಸಣ್ಣ ತಂಡಗಳಲ್ಲಿ ಹೋಗಲಿ. ಗೋಡೆಯ ಮೇಲೆ ಹೆಸರು ಗೀಚುವವರನ್ನು ತಡೆಯಲು ಒಳಗೊಬ್ಬ ಕಾವಲುಗಾರ ಬೇಕೇ ಬೇಕು.

ಇನ್ನೊಂದು ಮಾತು, ಇದೇ ಎಲ್ಲಕ್ಕಿಂತ ಅವಸರದ್ದು. ಇಲ್ಲಿ ನೆಲದಡಿ ಎರಡು ಸಾವಿರ ವರ್ಷದ ಊರಿದೆ. ವಾಕಿಂಗ್ ಪಾತ್ ಇರಲಿ, ಪಾರ್ಕಿಂಗ್ ಇರಲಿ, ಹೂಳೆತ್ತುವುದೇ ಇರಲಿ, ಜೆಸಿಬಿ ಇಳಿಸುವ ಮುಂಚೆ ಪುರಾತತ್ವದವರನ್ನು ಕರೆಸಿ ಮಣ್ಣು ನೋಡಿಸಿ. ಅವರು ಲಿಖಿತವಾಗಿ ಒಪ್ಪುವ ತನಕ ಯಾವ ಕೆಲಸಕ್ಕೂ ತಾವು ಸಹಿ ಹಾಕಬಾರದು ಎಂದು ಕೈಮುಗಿದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ನಿವಾಸಿ