ಶಿಡ್ಲಘಟ್ಟದ ನಮ್ಮ ಕೇಬಲ್ ಗ್ರಾಹಕರಿಗೆ: ಹೊಸ ದರ, ಹೊಸ ಪ್ಯಾಕ್ ಬಗ್ಗೆ

ಗ್ರಾಹಕ ಬಂಧುಗಳೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಕೇಬಲ್ ಬಿಲ್ ತಿಂಗಳಿಗೆ 30 ರೂಪಾಯಿ ಜಾಸ್ತಿ ಆಗುತ್ತಿದೆ. ಅಷ್ಟು ಕೊಡುವುದು ಕಷ್ಟ ಅನ್ನುವವರಿಗಾಗಿ ಒಂದು ಚಿಕ್ಕ ಪ್ಯಾಕ್ ಮಾಡಿದ್ದೇವೆ. ಲೋಕಲ್ ಚಾನೆಲ್ ಎರಡರಲ್ಲೂ ಇರುತ್ತದೆ, ಅದಕ್ಕೆ ಒಂದು ಪೈಸೆಯೂ ಇಲ್ಲ.

ಬೆಲೆ ಏರಿಸುವುದು ನಮಗೂ ಇಷ್ಟದ ಕೆಲಸ ಅಲ್ಲ. ರೇಷ್ಮೆ ಗೂಡಿನ ರೇಟು ಇಳಿದ ತಿಂಗಳಲ್ಲಿ ಬಿಲ್ ಕೇಳೋಕೆ ನಮ್ಮ ಹುಡುಗರಿಗೇ ಮುಜುಗರ. ಅದಕ್ಕೆ ಮೊದಲು ನಿಮ್ಮ ಕ್ಷಮೆ ಕೇಳುತ್ತೇವೆ. ಆದರೆ "ಕೇಬಲ್‌ನವರು ದುಡ್ಡು ಹೊಡೀತಾರೆ" ಅನ್ನೋ ಮಾತನ್ನು ಸುಮ್ನೆ ಕೇಳಿಸಿಕೊಂಡು ಹೋಗೋಕೆ ಆಗಲ್ಲ. ಲೆಕ್ಕ ನಿಮ್ಮ ಮುಂದೆ ಇಡುತ್ತೇವೆ, ನೀವೇ ನೋಡಿ.

ತಿಂಗಳಿಗೆ 19 ರೂಪಾಯಿಯ ಒಂದು ಪೇ ಚಾನೆಲ್, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್ ತಗೊಳ್ಳಿ. ಅದಕ್ಕೆ ನೂರಕ್ಕೆ 18 ಜಿಎಸ್‌ಟಿ ಸೇರಿ ನೀವು ಕೊಡುವುದು 22 ರೂಪಾಯಿ 42 ಪೈಸೆ. ಫೋನ್, ಟಿವಿ ವ್ಯವಹಾರಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹಾಕಿಕೊಟ್ಟ ಲೆಕ್ಕದಂತೆ ಹಂಚಿದರೆ 15 ರೂಪಾಯಿ 20 ಪೈಸೆ ಚಾನೆಲ್ ಕಂಪನಿಗೆ ಹೋಗುತ್ತದೆ. 3 ರೂಪಾಯಿ 42 ಪೈಸೆ ಸರ್ಕಾರಕ್ಕೆ. 2 ರೂಪಾಯಿ 9 ಪೈಸೆ ನಮಗೆ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಕಂಪನಿಗೆ (ಎಂಎಸ್‌ಒ). ನಿಮ್ಮ ಮನೆ ಬಾಗಿಲಿಗೆ ಬಂದು ಬಿಲ್ ಕೇಳುವ, ಬೈಸಿಕೊಳ್ಳುವ ನಮಗೆ ಉಳಿಯುವುದು 1 ರೂಪಾಯಿ 71 ಪೈಸೆ. ಅದೇ ಲೆಕ್ಕದಲ್ಲಿ ಈಗ ಏರುತ್ತಿರುವ 30 ರೂಪಾಯಿಯಲ್ಲಿ ನಮ್ಮ ಕೈಗೆ ಬರುವುದು ಎರಡು ರೂಪಾಯಿ ಚಿಲ್ಲರೆ.

ನಮ್ಮ ಹೊಟ್ಟೆ ತುಂಬುವುದು ಬೇರೆ ಕಡೆಯಿಂದ. 2019ರಲ್ಲಿ ಹೊಸ ಪದ್ಧತಿ ಬಂದಾಗ ಕನೆಕ್ಷನ್ ಶುಲ್ಕ ಅಂತ ತಿಂಗಳಿಗೆ 130 ರೂಪಾಯಿ ಮಿತಿ ಹಾಕಿದರು. ಅದರಲ್ಲಿ ನೂರಕ್ಕೆ 45, ಅಂದರೆ 58 ರೂಪಾಯಿ 50 ಪೈಸೆ ನಮ್ಮದು. ಕಂಬದ ಬಾಡಿಗೆ, ಸಿಗ್ನಲ್ ಹಂಚುವ ನೋಡ್ ಪೆಟ್ಟಿಗೆಗಳ ಕರೆಂಟು, ಬ್ಯಾಟರಿ, ಹುಡುಗರ ಸಂಬಳ, ಪೆಟ್ರೋಲ್ ಎಲ್ಲಾ ಅದರಲ್ಲೇ ಆಗಬೇಕು. ಮೇಲೂರು ಕಡೆ ರಸ್ತೆ ಅಗಲ ಮಾಡುವಾಗ ಜೆಸಿಬಿ ಫೈಬರ್ ಕಿತ್ತರೆ, ಮಳೆಯಲ್ಲಿ ನಿಂತು ಜೋಡಿಸುವವರು ನಾವೇ, ದುಡ್ಡು ಹಾಕುವವರೂ ನಾವೇ. ಆ 130ರ ಮಿತಿಯನ್ನು ಟ್ರಾಯ್ 2024ರ ಜುಲೈನಲ್ಲಿ ತೆಗೆದುಹಾಕಿತು. ಈಗ ಎಷ್ಟು ಬೇಕಾದರೂ ಹಾಕಬಹುದು. ನಾವು ಒಂದು ರೂಪಾಯಿಯನ್ನೂ ಏರಿಸಿಲ್ಲ, ಈ ಸಲವೂ ಏರಿಸುತ್ತಿಲ್ಲ. ಏರುತ್ತಿರುವುದು ಪೂರ್ತಿ ಪೇ ಚಾನೆಲ್‌ಗಳ ಬಾಬತ್ತು.

ಇನ್ನು ಎಲ್ಲರೂ ಕೇಳುವ ಒಂದು ಮಾತು. "ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೆ ಟಿವಿ ಫ್ರೀ ಕೊಡ್ತಾರೆ. ಕ್ರಿಕೆಟ್ ಫೋನಲ್ಲೇ ಬರುತ್ತೆ. ನಿಮಗ್ಯಾಕೆ ದುಡ್ಡು ಕೊಡಬೇಕು?" ಅಂಗಡಿಯಲ್ಲಿ, ಟೀ ಹೋಟೆಲ್‌ನಲ್ಲಿ, ಕಲೆಕ್ಷನ್‌ಗೆ ಹೋದ ಕಡೆಯೆಲ್ಲ ಇದನ್ನು ಕೇಳಿದ್ದೇವೆ. ಕೇಳುವುದರಲ್ಲಿ ತಪ್ಪಿಲ್ಲ, ನಿಮ್ಮ ದುಡ್ಡು. ಉತ್ತರ ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

2022ರಲ್ಲಿ ಐಪಿಎಲ್ ಪಂದ್ಯ ತೋರಿಸುವ ಹಕ್ಕಿನ ಹರಾಜು ಆಯಿತು. ಐದು ವರ್ಷಕ್ಕೆ ನಮ್ಮ ಕಡೆಯ ಟಿವಿ ಹಕ್ಕನ್ನು ಸ್ಟಾರ್ 23,575 ಕೋಟಿಗೆ ತಗೊಂಡಿತು. ಫೋನ್‌ನಲ್ಲಿ ತೋರಿಸುವ ಹಕ್ಕನ್ನು ರಿಲಯನ್ಸ್ ಕಡೆಯ ವಯಾಕಾಮ್18 ಕಂಪನಿ 20,500 ಕೋಟಿಗೆ ತಗೊಂಡಿತು. ಒಬ್ಬರ ಮೇಲೊಬ್ಬರು ಕೂಗಿದ್ದಕ್ಕೇ ಬೆಲೆ ಅಷ್ಟು ಏರಿತು. 2024ರ ನವೆಂಬರ್‌ನಲ್ಲಿ ಆ ಇಬ್ಬರೂ ಒಂದೇ ಕಂಪನಿ ಆದರು. ಹೆಸರು ಜಿಯೋಸ್ಟಾರ್, ಕೈಯಲ್ಲಿ ನೂರಕ್ಕೂ ಹೆಚ್ಚು ಚಾನೆಲ್. 2025ರ ಫೆಬ್ರವರಿಯಲ್ಲಿ ಅವರ ಎರಡು ಆ್ಯಪ್‌ಗಳೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಜಿಯೋ ಫೋನ್ ನೆಟ್‌ವರ್ಕ್ ಕೂಡ ಅದೇ ರಿಲಯನ್ಸ್ ಗುಂಪಿನದು. ಬ್ರಾಡ್‌ಬ್ಯಾಂಡೂ ಇದೆ. ದೇಶದ ದೊಡ್ಡ ಕೇಬಲ್ ಕಂಪನಿಗಳಾದ ಹ್ಯಾತ್‌ವೇ, ಡೆನ್‌ಗಳಲ್ಲಿ ದೊಡ್ಡ ಪಾಲನ್ನೂ 2018ರ ಒಪ್ಪಂದದಲ್ಲೇ ಅದು ಕೊಂಡುಕೊಂಡಿದೆ.

ಎಲ್ಲಾ ಕಾನೂನು ಪ್ರಕಾರವೇ ಆಗಿದೆ. ಕಂಪನಿಗಳ ನಡುವೆ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಕಾಂಪಿಟಿಷನ್ ಕಮಿಷನ್ ಕೆಲವು ಷರತ್ತು ಹಾಕಿ ಒಪ್ಪಿಗೆಯನ್ನೂ ಕೊಟ್ಟಿದೆ. ನಾವು ಯಾರನ್ನೂ ಕಳ್ಳ ಅನ್ನುತ್ತಿಲ್ಲ. ಆದರೆ ವೈರು, ಆ್ಯಪ್, ಚಾನೆಲ್, ಕ್ರಿಕೆಟ್ ಎಲ್ಲಾ ಒಂದೇ ಮನೆಯಲ್ಲಿದ್ದರೆ, ಒಂದನ್ನು ಫ್ರೀ ಕೊಟ್ಟು ಇನ್ನೊಂದರಲ್ಲಿ ವಸೂಲಿ ಮಾಡೋದು ಸುಲಭ ಅಲ್ವಾ? ನಮ್ಮ ಹತ್ತಿರ ಇರೋದು ವೈರು ಒಂದೇ. ಫ್ರೀ ಕೊಡೋಕೆ ನಮಗೆ ಬೇರೆ ಜೇಬಿಲ್ಲ. ಮಾರುಕಟ್ಟೆಯಲ್ಲಿ ಗೂಡಿಗೆ ಬೆಲೆ ಕೂಗುವ ರೀಲರ್ (ಗೂಡು ಕೊಂಡು ನೂಲು ತೆಗೆಯುವವರು) ಒಬ್ಬರೇ ಉಳಿದರೆ ಗೂಡಿಗೆ ಏನು ರೇಟು ಸಿಗುತ್ತದೆ ಅಂತ ಶಿಡ್ಲಘಟ್ಟದ ರೈತರಿಗೆ ನಾವು ಹೇಳಿಕೊಡಬೇಕಿಲ್ಲ.

"ನೋಡದ ಚಾನೆಲ್‌ಗೆಲ್ಲಾ ಯಾಕೆ ದುಡ್ಡು?" ಅಂತಲೂ ಕೇಳುತ್ತೀರಿ. ಬಿಡಿಯಾಗಿ ಒಂದೊಂದೇ ಚಾನೆಲ್ ಆರಿಸುವ ಹಕ್ಕು ನಿಮಗಿದೆ. ಆದರೆ ಪ್ಯಾಕ್‌ಗೆ ನೂರಕ್ಕೆ 45ರವರೆಗೆ ರಿಯಾಯಿತಿ ಕೊಡೋಕೆ ಅವಕಾಶ ಇದೆ. ಹಾಗಾಗಿ ಬಿಡಿ ದುಬಾರಿ, ಪ್ಯಾಕ್ ಅಗ್ಗ ಅನಿಸುತ್ತದೆ. ಹೆಚ್ಚು ಚಾನೆಲ್ ಇರುವವರು ಪ್ಯಾಕ್ ದೊಡ್ಡದು ಮಾಡುತ್ತಾರೆ. ಬೇಡ ಅನ್ನೋಕೆ ನಮಗೆ ಶಕ್ತಿ ಇಲ್ಲ. 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ದೊಡ್ಡ ಚಾನೆಲ್‌ನವರು ದೇಶದ ತುಂಬಾ ಸಿಗ್ನಲ್ ನಿಲ್ಲಿಸಿದ್ದರು. ಕೋಟಿಗಟ್ಟಲೆ ಮನೆಗಳಲ್ಲಿ ಧಾರಾವಾಹಿ ನಿಂತುಹೋಯಿತು. ಜನ ಫೋನ್ ಮಾಡಿ ಬೈದದ್ದು ಮಾತ್ರ ನಮ್ಮಂಥವರಿಗೆ.

ದುಡ್ಡಿಗಿಂತ ನಮಗೆ ಜಾಸ್ತಿ ಚಿಂತೆ ಇರುವುದು ಬೇರೆ. ಕನ್ನಡದ ನಾಲ್ಕು ದೊಡ್ಡ ಮನರಂಜನೆ ಚಾನೆಲ್ ನೋಡಿ. ಉದಯ ಚೆನ್ನೈನ ಸನ್‌ನವರದು. ಜೀ ಕನ್ನಡ ಮುಂಬೈನ ಜೀಯವರದು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಅದೂ ಸ್ಟಾರ್ ಸುವರ್ಣವೂ ನಿನ್ನೆಯವರೆಗೆ ಎದುರಾಳಿಗಳು, ಇವತ್ತು ಎರಡಕ್ಕೂ ಜಿಯೋಸ್ಟಾರ್ ಒಂದೇ ಮಾಲೀಕರು. ನಾಲ್ಕರಲ್ಲಿ ಒಂದರ ಮಾಲೀಕರೂ ಕರ್ನಾಟಕದವರಲ್ಲ. ಅಲ್ಲಿ ಕೆಲಸ ಮಾಡುವ ಕಲಾವಿದರು ನಮ್ಮವರು, ಅವರ ಬಗ್ಗೆ ಗೌರವ ಇದೆ. ಆದರೆ ಯಾವ ಕಥೆ ಬೇಕು, ಯಾವುದು ಬೇಡ ಅಂತ ಹೇಳುವ ಬಾಗಿಲುಗಳು ನಾಲ್ಕಿದ್ದದ್ದು ಮೂರಾದವು. ಮಾಧ್ಯಮದ ಮಾಲೀಕತ್ವಕ್ಕೆ ಒಂದು ಮಿತಿ ಇರಬೇಕು, ಪೇಪರ್, ಟಿವಿ ಎಲ್ಲಾ ಒಬ್ಬರ ಕೈ ಸೇರಬಾರದು ಅಂತ ಟ್ರಾಯ್ 2014ರಲ್ಲೇ ಶಿಫಾರಸು ಮಾಡಿತ್ತು. ಅದು ಕಾನೂನಾಗಲೇ ಇಲ್ಲ.

ಈ ಮೂರು ಬಾಗಿಲಲ್ಲಿ ಯಾವುದೂ ಶಿಡ್ಲಘಟ್ಟದ ಕಡೆ ತೆರೆಯುವುದಿಲ್ಲ. ನಮ್ಮ ಲೋಕಲ್ ಚಾನೆಲ್‌ನಲ್ಲಿ ಗೂಡಿನ ಹರಾಜು ಮುಗಿದ ಮೇಲೆ ಕೆಳಗೆ ಒಂದು ಪಟ್ಟಿ ಓಡುತ್ತದೆ: ಸಿಬಿ, ಬೈವೋಲ್ಟಿನ್ ಅನ್ನುವ ಎರಡು ಜಾತಿ ಗೂಡಿನ ಗರಿಷ್ಠ, ಕನಿಷ್ಠ, ಸರಾಸರಿ ರೇಟು, ಪಕ್ಕದಲ್ಲೇ ರಾಮನಗರ ಗೂಡಿನ ಮಾರುಕಟ್ಟೆಯ ರೇಟು. ಜಂಗಮಕೋಟೆಯಲ್ಲಿ, ಸಾದಲಿಯಲ್ಲಿ ಮಾರನೇ ದಿನ ಗೂಡು ತರಬೇಕಾದವರು ಆ ಪಟ್ಟಿ ನೋಡಿಯೇ ಎಲ್ಲಿಗೆ ಗಾಡಿ ಹೊರಡಿಸಬೇಕು ಅಂತ ತೀರ್ಮಾನ ಮಾಡುತ್ತಾರೆ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿದು ರೇಟು ಕುಸಿದಾಗ, ರೈತರು, ರೀಲರ್‌ಗಳು, ನೂಲು ಬಿಚ್ಚುವ ಹೆಣ್ಣುಮಕ್ಕಳು ನಮ್ಮ ಆ ಪುಟ್ಟ ರೂಮಿನಲ್ಲಿ ಕೂತು ಕ್ಯಾಮೆರಾ ಮುಂದೆ ಮಾತಾಡಿದರು. ಉರ್ದುವಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ, ಯಾರಿಗೆ ಯಾವುದು ಬರುತ್ತೋ ಅದರಲ್ಲಿ. ಅದನ್ನು ಇನ್ಯಾವ ಚಾನೆಲ್ ತೋರಿಸುತ್ತಿತ್ತು? ನಗರಸಭೆ ಸಭೆ, ನೀರು ಬಿಡುವ ವೇಳೆ, ಕರೆಂಟು ತೆಗೆಯುವ ಸಮಯ, ಜಾತ್ರೆ, ಉರುಸು, ಮಕ್ಕಳ ಕೋಲಾಟ, ತೀರಿಕೊಂಡವರ ಫೋಟೋ, ಇವೆಲ್ಲ ಅದರಲ್ಲೇ ಬರುತ್ತವೆ. ಇದರಿಂದ ನಮಗೆ ಲಾಭ ಇಲ್ಲ. ಇದರ ಬಗ್ಗೆ ನಮಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಕನೆಕ್ಷನ್ ಉಳಿದರೆ ಮಾತ್ರ ಈ ಚಾನೆಲ್ ನಡೆಸೋಕೆ ಆಗುವುದು.

ಚಿಕ್ಕ ಪ್ಯಾಕ್ ವಿಷಯ. ಅದರಲ್ಲಿ ಚಂದನ, ಫ್ರೀ ಬರುವ ಕನ್ನಡ ನ್ಯೂಸ್ ಚಾನೆಲ್‌ಗಳು, ಉಳಿದ ಫ್ರೀ ಚಾನೆಲ್‌ಗಳು, ಲೋಕಲ್ ಚಾನೆಲ್ ಇರುತ್ತವೆ. ಕನೆಕ್ಷನ್ ಶುಲ್ಕ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಮನೆಯವರು ನೋಡುವ ಧಾರಾವಾಹಿಯ ಚಾನೆಲ್ ಒಂದೋ ಎರಡೋ ಬಿಡಿಯಾಗಿ ಹಾಕಿಸಿಕೊಳ್ಳಿ. ಕ್ರಿಕೆಟ್ ಬೇಕಾದವರು ಐಪಿಎಲ್ ಇರುವಷ್ಟು ದಿನ ಹಾಕಿಸಿ ಆಮೇಲೆ ತೆಗೆಸಬಹುದು. ವಯಸ್ಸಾದವರು ಇಬ್ಬರೇ ಇರುವ ಮನೆಗೆ ಇದೇ ಸರಿ, ದೊಡ್ಡ ಪ್ಯಾಕ್ ಖಂಡಿತ ಬೇಡ.

ಕಲೆಕ್ಷನ್‌ಗೆ ಬರುವ ಹುಡುಗನ ಹತ್ತಿರ ಚಾನೆಲ್‌ಗಳ ಬೆಲೆ ಪಟ್ಟಿ ಇರುತ್ತದೆ. ಕೇಳಿ, ಕೂರಿಸಿಕೊಂಡು ಲೆಕ್ಕ ಹಾಕಿಸಿ. ಈ ತಿಂಗಳು 25ರೊಳಗೆ ಹೇಳಿದರೆ ಒಂದನೇ ತಾರೀಖಿನಿಂದಲೇ ಬದಲಾಯಿಸುತ್ತೇವೆ. ಏನೂ ಹೇಳದವರಿಗೆ ಈಗಿನ ಪ್ಯಾಕೇ ಹೊಸ ದರದಲ್ಲಿ ಮುಂದುವರಿಯುತ್ತದೆ. ಬಾಕ್ಸ್ ಬದಲಾಯಿಸಬೇಕಿಲ್ಲ, ಅದಕ್ಕೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ನಮ್ಮ ಆಫೀಸಿಗೆ ತಿಳಿಸಿ.

ಇಂತಿ,
ನಿಮ್ಮ ಕೇಬಲ್‌ನವರು, ಶಿಡ್ಲಘಟ್ಟ